ಎಂಟು ಸೀಟು, ಏಳು ಜನ, ಐದು ಪೆಟ್ಟಿಗೆ: ನ್ಯೂಜಿಲೆಂಡಿನ ಬಾಡಿಗೆ ಗಾಡಿ ಲೆಕ್ಕಾಚಾರ

ನ್ಯೂಜಿಲೆಂಡಿನಲ್ಲಿ ಗಾಡಿ ರಸ್ತೆಯ ಎಡಕ್ಕೇ ಓಡುತ್ತದೆ, ಸ್ಟೇರಿಂಗ್ ಬಲಕ್ಕೇ ಇರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ದಿನಾ ಗಾಡಿ ಹೊಡೆಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ. ಯುರೋಪಿನಲ್ಲಿ ಮೊದಲ ಎರಡು ದಿನ ಪ್ರತಿ ತಿರುವಿನಲ್ಲೂ ಎದೆ ಡವಗುಟ್ಟುವ ಹಾಗೆ ಇಲ್ಲಿ ಆಗುವುದಿಲ್ಲ. ಆದರೆ ಆ ಧೈರ್ಯದಲ್ಲೇ ವೆಬ್‌ಸೈಟಿಗೆ ಹೋಗಿ ‘7 ಸೀಟರ್’ ಅಂತ ಹುಡುಕಿ, ದಿನಬಾಡಿಗೆ ಕಡಿಮೆ ಇದ್ದದ್ದನ್ನು ಬುಕ್ ಮಾಡಿಬಿಟ್ಟರೆ ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲೇ ಪಂಚಾಯ್ತಿ ಶುರುವಾಗುತ್ತದೆ. ಜನ ಕೂತರೆ ಪೆಟ್ಟಿಗೆ ಹೊರಗೆ, ಪೆಟ್ಟಿಗೆ ಇಟ್ಟರೆ ಅಜ್ಜಿ ಹೊರಗೆ.

ದಕ್ಷಿಣ ದ್ವೀಪದಲ್ಲಿ ಹತ್ತು–ಹನ್ನೆರಡು ದಿನದ ಸುತ್ತು, ಅಜ್ಜ–ಅಜ್ಜಿ ಮತ್ತು ಮಕ್ಕಳು ಸೇರಿ ಆರು ಅಥವಾ ಏಳು ಜನ, ಓಡಿಸುವವರು ಇಬ್ಬರು: ಈ ಲೆಕ್ಕದಲ್ಲಿ ಅಲ್ಲಿ ಸಿಗುವ ಬಾಡಿಗೆ ಗಾಡಿಗಳನ್ನು ಇಲ್ಲಿ ತೂಗಿ ನೋಡಿದೆ. ತೀರ್ಪು ಮೊದಲೇ ಹೇಳಿಬಿಡುವುದು ಚಲೋ. ಆರು–ಏಳು ಜನಕ್ಕೆ ಕಿಯಾ ಕಾರ್ನಿವಲ್ ವರ್ಗದ ಎಂಟು ಸೀಟಿನ ಗಾಡಿ. ನಾಲ್ಕು ಜನಕ್ಕೆ ಸಾಧಾರಣ ಸೆಡಾನ್ ಸಾಕು. ಏಳು ಸೀಟಿನ ಎಸ್‌ಯುವಿ ಐದು ಜನಕ್ಕೆ ಮಾತ್ರ. ಒಳಗೇ ಅಡುಗೆ ಮಾಡಿ ಮಲಗುವ ಕ್ಯಾಂಪರ್‌ವ್ಯಾನ್ ಗಂಡ–ಹೆಂಡತಿ ಇಬ್ಬರೇ ಹೋಗುವಾಗ ಚಂದ, ತುಂಬಿದ ಮನೆಗೆ ಬೇಡ.

ಸೀಟು ಎಣಿಸಬೇಡಿ, ಡಿಕ್ಕಿ ಅಳೆಯಿರಿ

ನಮ್ಮಲ್ಲಿ ಎರ್ಟಿಗಾ ಇದ್ದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮೂರನೇ ಸಾಲು ಎತ್ತಿ ಕೂರಿಸಿದರೆ ಹಿಂದೆ ಉಳಿಯುವುದು 209 ಲೀಟರ್ ಜಾಗ. ಇನ್ನೋವಾ ಕ್ರಿಸ್ಟಾದಲ್ಲಿ 300. ಗೋವಾಕ್ಕೆ ಎರಡು ದಿನ ಹೋಗಿಬರಲು ಅಷ್ಟು ನಡೆಯುತ್ತದೆ, ಇಲ್ಲದಿದ್ದರೆ ಮೇಲೆ ಕ್ಯಾರಿಯರ್ ಇದ್ದೇ ಇರುತ್ತದೆ. ನ್ಯೂಜಿಲೆಂಡಿನ ಬಾಡಿಗೆ ಗಾಡಿಗೆ ಕ್ಯಾರಿಯರ್ ಸಾಮಾನ್ಯವಾಗಿ ಇರುವುದಿಲ್ಲ, ಮೇಲೆ ಹಗ್ಗ ಬಿಗಿಯಲು ಬಿಡುವುದೂ ಇಲ್ಲ. ಅಲ್ಲಿ ‘7 ಸೀಟರ್ ಎಸ್‌ಯುವಿ’ ಅಂತ ಕೊಡುವ ಟೊಯೋಟಾ ಹೈಲ್ಯಾಂಡರ್‌ನಲ್ಲಿ ಮೂರೂ ಸಾಲು ತುಂಬಿದರೆ ಹಿಂದೆ ಉಳಿಯುವುದು 241 ಲೀಟರ್. ಅಂದರೆ ಎರ್ಟಿಗಾಕ್ಕಿಂತ ಒಂದು ಹೆಗಲಚೀಲದಷ್ಟು ಹೆಚ್ಚು. ಒಂದು ದೊಡ್ಡ ಪೆಟ್ಟಿಗೆಯೇ ನೂರು ಲೀಟರಿನ ಆಸುಪಾಸು ಇರುತ್ತದೆ, ಅದೂ ಅಡ್ಡ ಮಲಗಿಸಿದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಏಳು ಜನರ ಸಾಮಾನು ಇದರಲ್ಲಿ ಕೂರುವ ಮಾತೇ ಇಲ್ಲ. ಮೂರನೇ ಸಾಲಿನ ಒಂದು ಸೀಟು ಮಡಚಿದರೆ ಪೆಟ್ಟಿಗೆ ಹಿಡಿಯುತ್ತವೆ, ಜನ ಆರಕ್ಕೆ ಇಳಿಯುತ್ತಾರೆ, ಆರನೆಯವರು ಪೆಟ್ಟಿಗೆಯ ಪಕ್ಕ ಮೊಣಕಾಲು ಎದೆಗೆ ಹಚ್ಚಿ ಕೂರಬೇಕು.

ಕಾರ್ನಿವಲ್‌ನಲ್ಲಿ ಮೂರನೇ ಸಾಲು ಎದ್ದು ನಿಂತಿದ್ದರೂ ಹಿಂದೆ 627 ಲೀಟರ್ ಉಳಿಯುತ್ತದೆ. ಈ ಅಂಕಿಗಿಂತ ಮುಖ್ಯವಾದದ್ದು ಆ ಜಾಗದ ಆಕಾರ. ಹಿಂದಿನ ಸೀಟಿನ ಬೆನ್ನಿಗೆ ನೆಲ ತಗ್ಗಾಗಿ, ಹಗೇವಿನ ಹಾಗೆ ಆಳವಾಗಿದೆ. ಸೀಟು ಬೇಡವಾದಾಗ ಅದರೊಳಗೇ ಮಡಚಿ ಹೋಗಲೆಂದು ಮಾಡಿದ ತಗ್ಗು ಅದು. ದೊಡ್ಡ ಪೆಟ್ಟಿಗೆ ಮೂರನ್ನು ಅದರಲ್ಲಿ ಉದ್ದಕ್ಕೆ ನಿಲ್ಲಿಸಿ, ಅವುಗಳ ಮೇಲೆ ಎರಡು ಕ್ಯಾಬಿನ್ ಚೀಲ ಮಲಗಿಸಬಹುದು. ಭಾರದ್ದು ಕೆಳಗೆ ಇರಲಿ. ಮೇಲೆ ಇಟ್ಟದ್ದು ಸೀಟಿನ ತಲೆದಿಂಬಿಗಿಂತ ಎತ್ತರ ಹೋದರೆ ಹಿಂದಿನ ಗಾಜು ಮುಚ್ಚುತ್ತದೆ, ಜೋರಾಗಿ ಬ್ರೇಕ್ ಹಾಕಿದಾಗ ಚೀಲ ಮಕ್ಕಳ ತಲೆಗೇ ಬರುತ್ತದೆ. ಪೆಟ್ಟಿಗೆ ಗಡಸು ಕವಚದ್ದಾದರೆ ಐದಕ್ಕೆ ನಿಲ್ಲಿಸಿ. ಮೆತ್ತನೆಯ ಬಟ್ಟೆಯ ಡಫಲ್ ಚೀಲ ಒಯ್ದರೆ ಇನ್ನೂ ಎರಡು ಸಂದುಗೊಂದಿಯಲ್ಲಿ ಹಿಡಿಸುತ್ತವೆ. ಮನೆಯಿಂದ ಹೊರಡುವ ಮೊದಲೇ ಅಂಗಳದಲ್ಲಿ ಎಲ್ಲ ಪೆಟ್ಟಿಗೆ ಜೋಡಿಸಿ ಟೇಪು ಹಿಡಿದು ನೋಡುವುದು ನಗೆಪಾಟಲಿನ ಕೆಲಸ ಅನ್ನಿಸಬಹುದು, ಆದರೆ ಇದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ.

ಕಾರ್ನಿವಲ್‌ನ ಎರಡನೇ ದೊಡ್ಡ ಗುಣ ಜಾರುಬಾಗಿಲು ಮತ್ತು ತಗ್ಗು ನೆಲ. ಮೊಣಕಾಲು ನೋವಿರುವ, ಇಲಕಲ್ಲ ಸೀರೆ ಉಟ್ಟ ಅಜ್ಜಿ ಎಸ್‌ಯುವಿಗೆ ಹತ್ತಬೇಕಾದರೆ ಇಬ್ಬರು ಕೈಕೊಡಬೇಕು. ಇದರೊಳಗೆ ಒಬ್ಬರೇ ಹತ್ತಿ ಕೂರುತ್ತಾರೆ. ಬಾಗಿಲಿಗೆ ಮೋಟಾರು ಇದ್ದರೆ ಹಿಡಿಕೆಯನ್ನು ಒಮ್ಮೆ ಎಳೆದು ಕೈಬಿಡಬೇಕು, ಅದೇ ಜಾರಿ ಹೋಗುತ್ತದೆ. ನಮ್ಮ ಟೆಂಪೊದ ರೂಢಿಯಲ್ಲಿ ಜಗ್ಗಿ ದೂಡಿದರೆ ಮೋಟಾರು ತಡೆದು ನಿಲ್ಲುತ್ತದೆ, ಬಾಗಿಲು ಅರ್ಧಕ್ಕೆ ಹಿಂದೆ ಬರುತ್ತದೆ. ಇದನ್ನು ಗಾಡಿ ತಗೊಂಡ ಮೊದಲ ದಿನವೇ ಮನೆಮಂದಿಗೆಲ್ಲ ಮಾಡಿ ತೋರಿಸಿ.

ಕೊರತೆಯೂ ಇದೆ. ಉದ್ದ 5.155 ಮೀಟರ್, ಅಗಲ ಸುಮಾರು 2 ಮೀಟರ್. ಕ್ರಿಸ್ಟಾಕ್ಕಿಂತ ಒಂದೂಕಾಲು ಅಡಿಗೂ ಹೆಚ್ಚು ಉದ್ದ. ಕ್ವೀನ್ಸ್‌ಟೌನ್ ಪೇಟೆಯೊಳಗೆ ಪಾರ್ಕಿಂಗ್ ಮೊದಲೇ ದುರ್ಲಭ, ಅದರಲ್ಲಿ ಈ ಉದ್ದಕ್ಕೆ ಗೆರೆಯೊಳಗೆ ಜಾಗ ಸಿಗುವುದು ಇನ್ನೂ ಕಷ್ಟ. ವಸತಿ ಬುಕ್ ಮಾಡುವಾಗಲೇ ಸ್ವಂತ ಪಾರ್ಕಿಂಗ್ ಇದೆಯೇ ಕೇಳಿ. ಮೂರನೇ ಸಾಲಿನವರಿಗೆ ತಿರುವಿನ ರಸ್ತೆಯಲ್ಲಿ ಹೊಟ್ಟೆ ತೊಳಸುತ್ತದೆ. ವಾಂತಿಯ ರೂಢಿ ಇರುವ ಮಗುವನ್ನು ನಡುಸಾಲಿಗೆ ಕೂರಿಸಿ, ಗಟ್ಟಿ ಪ್ಲಾಸ್ಟಿಕ್ ಚೀಲ ಕೈಗೆ ಎಟುಕುವಂತೆ ಇಡಿ. ಸೀಟಿನ ಬಟ್ಟೆಗೆ ವಾಂತಿಯಾದರೆ ಸ್ವಚ್ಛತೆಯ ಶುಲ್ಕ ಹಾಕುವ ಹಕ್ಕು ಕರಾರಿನಲ್ಲೇ ಇರುತ್ತದೆ.

ಡೀಸೆಲ್ಲಿನ ಒಳಸುಳಿ

ಬಾಡಿಗೆಯ ಕಾರ್ನಿವಲ್ ಬಹುತೇಕ 2.2 ಲೀಟರ್ ಡೀಸೆಲ್ ಎಂಜಿನ್ನಿನದು. ಪಂಪಿನ ಬೋರ್ಡಿನಲ್ಲಿ ಡೀಸೆಲ್ ದರ ಪೆಟ್ರೋಲಿಗಿಂತ ಕಡಿಮೆ ಕಂಡು ಖುಷಿಯಾಗುತ್ತದೆ, ಆದರೆ ಅಲ್ಲಿ ಡೀಸೆಲ್ ದರದಲ್ಲಿ ರಸ್ತೆ ತೆರಿಗೆ ಸೇರಿಲ್ಲ. ಡೀಸೆಲ್ ಗಾಡಿ ಓಡಿದಷ್ಟು ದೂರಕ್ಕೆ ಸರ್ಕಾರಕ್ಕೆ ಬೇರೆ ಕಟ್ಟಬೇಕು. ಹಗುರ ವಾಹನಕ್ಕೆ 1,000 ಕಿ.ಮೀ.ಗೆ 76 ನ್ಯೂಜಿಲೆಂಡ್ ಡಾಲರ್ (ಇಲ್ಲಿ ಡಾಲರ್ ಅಂದರೆ ಎಲ್ಲ ಕಡೆ ಇದೇ). ಕಂಪನಿ ಅದನ್ನು ಕಿ.ಮೀ. ಲೆಕ್ಕದಲ್ಲಿ ಗಾಡಿ ವಾಪಸು ಕೊಡುವಾಗ ನಿಮ್ಮ ಕಾರ್ಡಿನಿಂದ ಎಳೆಯುತ್ತದೆ, ಅಥವಾ ದಿನಬಾಡಿಗೆಯಲ್ಲೇ ಸೇರಿಸಿರುತ್ತದೆ. ಯಾವುದು ಅನ್ನುವುದನ್ನು ಬುಕಿಂಗಿಗೆ ಮೊದಲೇ ಓದಿಕೊಳ್ಳಿ. ಕ್ರೈಸ್ಟ್‌ಚರ್ಚ್, ಟೆಕಾಪೊ, ಮೌಂಟ್ ಕುಕ್, ವಾನಾಕಾ, ಕ್ವೀನ್ಸ್‌ಟೌನ್, ಟೆ ಅನೌ, ಮಿಲ್ಫೋರ್ಡ್ ಸೌಂಡ್, ಮತ್ತೆ ಕ್ರೈಸ್ಟ್‌ಚರ್ಚ್: ಈ ಸುತ್ತು ಅಡ್ಡದಾರಿ ಸೇರಿ 1,800 ಕಿ.ಮೀ. ಹಿಡಿಯಿರಿ. ತೆರಿಗೆಯೇ ಸುಮಾರು 137 ಡಾಲರ್ ಆಯಿತು. ಡೀಸೆಲ್ 100 ಕಿ.ಮೀ.ಗೆ ಏಳರಿಂದ ಎಂಟು ಲೀಟರಿನಂತೆ 130–145 ಲೀಟರ್. ಪೆಟ್ರೋಲ್ ಹೈಬ್ರಿಡ್ ಸಿಕ್ಕರೆ ಈ ದೂರದ ತೆರಿಗೆ ಇಲ್ಲ, ಪೆಟ್ರೋಲಿನ ದರದಲ್ಲೇ ಅದು ಬಂದಿರುತ್ತದೆ. ಪೂರ್ತಿ ಎಲೆಕ್ಟ್ರಿಕ್ ಗಾಡಿಗೆ 2024ರ ಏಪ್ರಿಲ್‌ನಿಂದ ಡೀಸೆಲ್ಲಿನಷ್ಟೇ ತೆರಿಗೆ.

ಬಂಕಿನಲ್ಲಿ ತುಂಬುವ ಹುಡುಗ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಪೈಪಿನ ಬಣ್ಣ ನಂಬದೆ ಟ್ಯಾಂಕಿನ ಮುಚ್ಚಳದ ಒಳಬದಿ ಬರೆದದ್ದನ್ನು ಓದಿ. ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಹೊಯ್ದರೆ ಯಾವ ವಿಮೆಯೂ ಕೈಹಿಡಿಯುವುದಿಲ್ಲ. ಹಾಗೇನಾದರೂ ಆದರೆ ಎಂಜಿನ್ ಚಾಲೂ ಮಾಡದೆ ಅಲ್ಲೇ ಬಿಟ್ಟು ಫೋನ್ ಮಾಡಿ. ಟ್ಯಾಂಕ್ ಖಾಲಿ ಮಾಡಿಸುವ ಖರ್ಚಿನಲ್ಲಿ ಮುಗಿಯುತ್ತದೆ. ಚಾಲೂ ಮಾಡಿದರೆ ಪಂಪು, ಇಂಜೆಕ್ಟರ್‌ವರೆಗೆ ಹೋಗುತ್ತದೆ.

ಬೇರೆ ಆಯ್ಕೆಗಳು

ಎರಡು ಸಣ್ಣ ಕಾರು ತಗೊಂಡರೆ ಹೇಗೆ ಎಂಬ ಪ್ರಶ್ನೆ ಸಹಜ. ಬಾಡಿಗೆ ಕೆಲವೊಮ್ಮೆ ಕಡಿಮೆಯೇ ಬೀಳುತ್ತದೆ. ಆದರೆ ಠೇವಣಿ ಎರಡು, ವಿಮೆ ಎರಡು, ಇಬ್ಬರೂ ಇಡೀ ದಿನ ಸ್ಟೇರಿಂಗ್ ಹಿಡಿಯಬೇಕು, ಒಬ್ಬರನ್ನೊಬ್ಬರು ಬೆನ್ನಟ್ಟುವ ಚಟದಲ್ಲಿ ವೇಗ ಏರುತ್ತದೆ. ಹನ್ನೆರಡು ಸೀಟಿನ ಟೊಯೋಟಾ ಹೈಏಸ್ ಮಿನಿಬಸ್ಸು ಎಂಟು–ಒಂಬತ್ತು ಜನಕ್ಕೆ ಸರಿ, ಏಳಕ್ಕೆ ಅತಿಯಾಯಿತು.

ಕ್ಯಾಂಪರ್‌ವ್ಯಾನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ವಿಡಿಯೊ ನೋಡಿ ಮನೆಯ ಹುಡುಗರೆಲ್ಲ ಅದಕ್ಕೇ ಹಟ ಹಿಡಿಯುತ್ತಾರೆ. ಆರು ಹಾಸಿಗೆಯ ವ್ಯಾನು ಏಳು ಮೀಟರ್ ಉದ್ದ, ಮೂರು ಮೀಟರಿಗೂ ಎತ್ತರ. ಒಟ್ಟು ತೂಕ 3,500 ಕೆ.ಜಿ. ದಾಟಿದ ಗಾಡಿಗೆ ವೇಗಮಿತಿ 90, ಉಳಿದವರಿಗೆ 100. ಎರಡು ಹಾಸಿಗೆ ಚಾಲಕನ ತಲೆಯ ಮೇಲಿನ ಅಟ್ಟದಲ್ಲಿ, ಏಣಿ ಹತ್ತಿ ಹೋಗಬೇಕು. ಊಟದ ಮೇಜೇ ರಾತ್ರಿ ಮಂಚವಾಗುತ್ತದೆ, ಬೆಳಗ್ಗೆ ಅದನ್ನು ಬಿಚ್ಚುವವರೆಗೆ ಚಹಾಕ್ಕೆ ಕೂರಲು ಜಾಗ ಇಲ್ಲ. ಮಕ್ಕಳ ಸೀಟು ಬಿಗಿಯುವ ಕೊಂಡಿ ಒಂದೋ ಎರಡೋ ಜಾಗದಲ್ಲಿ ಮಾತ್ರ. ಒಳಗೆ ಎರಡು–ಮೂರು ಬರ್ನರಿನ ಒಲೆ ಇದೆ, ಆದರೆ ರೊಟ್ಟಿ ಬಡಿಯುವ ಕನಸು ಬೇಡ. ಹಂಚಿನ ಹೊಗೆಗೆ ಅಲಾರಾಂ ಕೂಗುತ್ತದೆ, ಒಗ್ಗರಣೆಯ ವಾಸನೆ ಹಾಸಿಗೆಯಲ್ಲೇ ಕೂರುತ್ತದೆ.

ಇನ್ನು ಶೌಚದ ಪೆಟ್ಟಿಗೆ. ಎರಡು–ಮೂರು ದಿನಕ್ಕೊಮ್ಮೆ, ಆರು ಜನರಿದ್ದರೆ ದಿನಾ, ಹೊರಗಿನ ಸಣ್ಣ ಬಾಗಿಲು ತೆಗೆದು ಆ ಪೆಟ್ಟಿಗೆಯನ್ನು ಎಳೆದು, ಡಂಪ್ ಸ್ಟೇಷನ್ನಿಗೆ ಒಯ್ದು, ಮುಚ್ಚಳ ತಿರುಗಿಸಿ ಸುರುವಿ, ತೊಳೆದು, ಔಷಧ ಹಾಕಿ ಮತ್ತೆ ಕೂರಿಸಬೇಕು. ಈ ಕೆಲಸ ಯಾರದು ಅನ್ನುವುದು ಬೆಳಗಾವಿ ಬಿಡುವ ಮೊದಲೇ ನಿಷ್ಕರ್ಷೆಯಾಗಿರಬೇಕು. ಕೊನೆಗೆ ಅಳಿಯನ ಪಾಲಿಗೇ ಬರುತ್ತದೆ. ಹೋಟೆಲ್ ಖರ್ಚು ಉಳಿಯುತ್ತದಲ್ಲ ಎಂಬ ವಾದವೂ ದೊಡ್ಡ ಕುಟುಂಬಕ್ಕೆ ನಿಲ್ಲುವುದಿಲ್ಲ. ಕರೆಂಟು ಇರುವ ಕ್ಯಾಂಪಿಂಗ್ ಜಾಗಕ್ಕೆ ಹಾಲಿಡೇ ಪಾರ್ಕುಗಳು ತಲೆಗಿಷ್ಟು ಎಂದು ಹಾಕುತ್ತವೆ, ಆರು ತಲೆ ಸೇರಿದಾಗ ಅದೇ ಪಾರ್ಕಿನ ಅಡುಗೆಮನೆ ಸಹಿತ ಕೋಣೆಯ ದರದ ಹತ್ತಿರ ಹೋಗುತ್ತದೆ. ಕಾರ್ನಿವಲ್ ಜೊತೆ ಆ ಕೋಣೆ ಹಿಡಿದರೆ ಅಡುಗೆಯೂ ಆಯಿತು, ಬೆನ್ನೂ ಉಳಿಯಿತು.

ಮೂರು ಹೆಸರು ಒಂದೇ ಇರಲಿ

ಲೈಸೆನ್ಸ್ ಇಂಗ್ಲಿಷಿನಲ್ಲಿದ್ದರೆ ಪ್ರವಾಸಿಗರು ಅದರ ಮೇಲೆಯೇ ಓಡಿಸಬಹುದು. ಕರ್ನಾಟಕದ ಸ್ಮಾರ್ಟ್ ಕಾರ್ಡಿನಲ್ಲಿ ಇಂಗ್ಲಿಷ್ ಇದೆ. ಹಳೆಯ ಪುಸ್ತಕದ ಲೈಸೆನ್ಸ್ ಇದ್ದವರು ಮೊದಲು ಕಾರ್ಡು ಮಾಡಿಸಿಕೊಳ್ಳಿ. ಮೊಬೈಲಿನ ಡಿಜಿಲಾಕರ್ ಪ್ರತಿ ನಂಬಿ ಹೋಗಬೇಡಿ, ಅಸಲು ಕಾರ್ಡು ಕೈಯಲ್ಲಿರಬೇಕು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಕಾನೂನು ಕೇಳದಿದ್ದರೂ ಮಾಡಿಸಿ ಒಯ್ಯುವುದು ಜಾಣತನ, ಕೌಂಟರಿನಲ್ಲಿ ಮಾತು ಕಡಿಮೆಯಾಗುತ್ತದೆ. ಸಾರಿಗೆ ಸಚಿವಾಲಯದ ಸಾರಥಿ ಪೋರ್ಟಲಿನಲ್ಲಿ ಕರ್ನಾಟಕ ಆರಿಸಿ, ಲೈಸೆನ್ಸ್ ಸೇವೆಗಳಲ್ಲಿ ಇದನ್ನು ಹುಡುಕಿ, ಫಾರಂ 4ಎ ಜೊತೆ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿ ಹಾಕಿ, 1,000 ರೂಪಾಯಿ ಕಟ್ಟಿ, ಮೂಲ ಕಾಗದ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಬೇಕು. ಬೆಳಗಾವಿಗೆ ಕೆಎ-22, ವಿಜಯಪುರಕ್ಕೆ ಕೆಎ-28, ಬಾಗಲಕೋಟೆಗೆ ಕೆಎ-29. ಚಿಕ್ಕೋಡಿ, ಜಮಖಂಡಿಯವರು ತಮ್ಮ ಕಚೇರಿಗೇ ಹೋಗಲಿ. ಇದು ಒಂದು ವರ್ಷ ಚಾಲ್ತಿ. ಇದೊಂದನ್ನೇ ತೋರಿಸಿದರೆ ನಡೆಯುವುದಿಲ್ಲ, ಲೈಸೆನ್ಸ್ ಜೊತೆಗಿರಬೇಕು.

ನಮ್ಮ ಕಡೆಯವರಿಗೆ ನಿಜವಾದ ತೊಡಕು ಹೆಸರು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಬೇರೆ ಸಾಲಿನಲ್ಲಿ, ತಂದೆಯ ಹೆಸರು ನಡುವೆ. ಲೈಸೆನ್ಸಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಬರೀ ಒಂದು ಅಕ್ಷರ. ಕ್ರೆಡಿಟ್ ಕಾರ್ಡಿನಲ್ಲಿ ಜಾಗ ಸಾಲದೆ ಇನ್ನೊಂದು ರೀತಿ. ಅಲ್ಲಿನ ಕೌಂಟರಿನವರಿಗೆ ಮೂರೂ ಬೇರೆ ಮನುಷ್ಯರಂತೆ ಕಾಣುತ್ತವೆ. ಹೋಗುವ ಎರಡು ತಿಂಗಳ ಮೊದಲು ಮೂರನ್ನೂ ಮೇಜಿನ ಮೇಲಿಟ್ಟು ಓದಿ. ತಿದ್ದಿಸಲು ಸುಲಭವಾದದ್ದು ಕಾರ್ಡು, ಆಮೇಲೆ ಲೈಸೆನ್ಸ್. ಬುಕಿಂಗ್ ಮಾತ್ರ ಪಾಸ್‌ಪೋರ್ಟಿನ ಹೆಸರಿನಲ್ಲೇ ಇರಲಿ.

ಠೇವಣಿ, ಕಾರ್ಡು, ವಿಮೆ

ಬಾಡಿಗೆ ಮೊದಲೇ ಕಟ್ಟಿದ್ದರೂ ಕೌಂಟರಿನಲ್ಲಿ ಮುಖ್ಯ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡು ಕೇಳುತ್ತಾರೆ. ಕಾರ್ಡು ಮಗನದು, ಲೈಸೆನ್ಸ್ ಅಪ್ಪನದು ಅಂದರೆ ನಡೆಯುವುದಿಲ್ಲ. ಫಾರೆಕ್ಸ್ ಕಾರ್ಡು, ಡೆಬಿಟ್ ಕಾರ್ಡುಗಳನ್ನು ಠೇವಣಿಗೆ ಒಪ್ಪದ ಕಂಪನಿಗಳೇ ಹೆಚ್ಚು. ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆ ಚಾಲೂ ಮಾಡಿ, ಮಿತಿ ಏರಿಸಿಕೊಂಡೇ ವಿಮಾನ ಹತ್ತಿ. ಯಂತ್ರ ‘ರೂಪಾಯಿಯಲ್ಲೋ ಡಾಲರಿನಲ್ಲೋ’ ಎಂದು ಕೇಳಿದರೆ ನ್ಯೂಜಿಲೆಂಡ್ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ ಆಗುತ್ತದೆ.

ದಿನಬಾಡಿಗೆಯ ಅಗ್ಗತನ ಬಯಲಾಗುವುದು ವಿಮೆಯಲ್ಲಿ. ಮೂಲ ಬಾಡಿಗೆಯಲ್ಲಿ ವಿಮೆ ಇದ್ದೇ ಇರುತ್ತದೆ, ಆದರೆ ಅದರಲ್ಲಿ ನಿಮ್ಮ ಪಾಲಿನ ಹೊರೆ, ಅವರ ಭಾಷೆಯಲ್ಲಿ ಎಕ್ಸೆಸ್, ಸಾವಿರಾರು ಡಾಲರ್. ಉದಾಹರಣೆಗೆ ಎಕ್ಸೆಸ್ 5,000 ಡಾಲರ್ ಅಂದುಕೊಳ್ಳಿ. ಬಾಗಿಲಿಗೆ ತರಚಿ 1,800 ಡಾಲರ್ ರಿಪೇರಿ ಬಂದರೆ ಪೂರ್ತಿ ನಿಮ್ಮದೇ. ತಪ್ಪು ಯಾರದೇ ಇರಲಿ, ಮೊದಲು ನಿಮ್ಮ ಕಾರ್ಡಿನಿಂದ ಹೋಗುತ್ತದೆ, ಆಮೇಲೆ ಎದುರಿನವರಿಂದ ಬಂದರೆ ಬಂತು. ದಿನಕ್ಕೆ ಇಷ್ಟು ಎಂದು ಹೆಚ್ಚು ಕಟ್ಟಿ ಎಕ್ಸೆಸ್ಸನ್ನು ಸೊನ್ನೆಗೆ ಇಳಿಸಬಹುದು, ಹಾಗೆ ಮಾಡಿದರೆ ಠೇವಣಿಯ ಮೊತ್ತವೂ ಇಳಿಯುತ್ತದೆ. ಬುಕಿಂಗ್ ತಾಣಗಳು ಮಾರುವ ಅಗ್ಗದ ಎಕ್ಸೆಸ್ ವಿಮೆ ಬೇರೆ ಬಗೆಯದು. ಕಂಪನಿ ಪೂರ್ತಿ ಠೇವಣಿ ಹಿಡಿಯುತ್ತದೆ, ಪೂರ್ತಿ ವಸೂಲಿ ಮಾಡುತ್ತದೆ, ಆಮೇಲೆ ರಸೀದಿ ಕಳಿಸಿ ನೀವು ಆ ವಿಮೆಯವರಿಂದ ಬಿಡಿಸಿಕೊಳ್ಳಬೇಕು. ಕಾರ್ಡಿನ ಮಿತಿ ದೊಡ್ಡದಿದ್ದು ತಾಳ್ಮೆ ಇದ್ದವರಿಗೆ ಇದು ಲಾಭ, ಉಳಿದವರಿಗೆ ಕಂಪನಿಯದೇ ನಿಶ್ಚಿಂತೆ. ತುಂಬಿದ ಕುಟುಂಬಕ್ಕೆ ನಮ್ಮ ಶಿಫಾರಸು ಎಕ್ಸೆಸ್ ಸೊನ್ನೆ ಮಾಡುವುದೇ. ಗಾಡಿಗಳನ್ನು ಹೋಲಿಸುವಾಗ ದಿನಬಾಡಿಗೆ, ವಿಮೆ, ಎರಡನೇ ಚಾಲಕನ ಶುಲ್ಕ, ಮಕ್ಕಳ ಸೀಟು, ಡೀಸೆಲ್ ತೆರಿಗೆ ಐದನ್ನೂ ಕೂಡಿಸಿ ಹೋಲಿಸಿ. ಪಟ್ಟಿಯಲ್ಲಿ ಮೇಲಿದ್ದದ್ದು ಎಷ್ಟೋ ಸಲ ಕೆಳಗಿಳಿಯುತ್ತದೆ.

ಸೊನ್ನೆ ಎಕ್ಸೆಸ್ಸಿನಲ್ಲೂ ಸೇರದ ಸಂಗತಿಗಳು ಇರುತ್ತವೆ: ತಪ್ಪು ಇಂಧನ, ಕಳೆದ ಕೀಲಿ, ನೀರು ದಾಟಿಸಿ ಕೆಟ್ಟದ್ದು, ಹೆಸರು ಬರೆಸದ ಚಾಲಕ ಓಡಿಸಿದ್ದು. ಗಾಜು, ಟೈರು, ಗಾಡಿಯ ತಳ, ಛಾವಣಿ ಕೆಲವರಲ್ಲಿ ಸೇರಿವೆ, ಕೆಲವರಲ್ಲಿ ಇಲ್ಲ. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ರಸ್ತೆಯಂಥ ಕೆಲವು ದಾರಿಗಳ ಹೆಸರು ನಿಷೇಧದ ಪಟ್ಟಿಯಲ್ಲೇ ಇರುತ್ತದೆ. ಅಲ್ಲಿ ಗಾಡಿ ಇಳಿಸಿದರೆ ವಿಮೆ ಇಲ್ಲ. ಮನುಷ್ಯರಿಗೆ ಪೆಟ್ಟಾದರೆ ಚಿಕಿತ್ಸೆಯ ಮಾತು ಬೇರೆ. 1974ರಿಂದ ನಡೆದಿರುವ ಅಲ್ಲಿನ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ ಅಪಘಾತದ ಗಾಯಗಳಿಗೆ ಪ್ರವಾಸಿಗರಿಗೂ ನೆರವಾಗುತ್ತದೆ. ಹಾಗಂತ ಪ್ರವಾಸ ವಿಮೆ ಬಿಡಬೇಡಿ, ಕಾಯಿಲೆಗೂ ಊರಿಗೆ ಮರಳುವ ಖರ್ಚಿಗೂ ಎಸಿಸಿ ಬರುವುದಿಲ್ಲ.

ಕೀಲಿ ಕೈಗೆ ಬಂದ ಮೇಲೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟು ಬೆಂಗಳೂರು, ಸಿಂಗಾಪುರ ದಾಟಿ ಕ್ರೈಸ್ಟ್‌ಚರ್ಚ್ ಮುಟ್ಟುವಷ್ಟರಲ್ಲಿ ಒಂದು ದಿನ ಹೋಗಿರುತ್ತದೆ. ಅಲ್ಲಿ ಬೆಳಗ್ಗೆ ಹತ್ತು ಅಂದರೆ ನಮ್ಮ ಮೈಗೆ ನಸುಕಿನ ಮೂರರ ಆಸುಪಾಸು. ಅವತ್ತೇ ಗಾಡಿ ತಗೊಂಡು ಮೂರು ತಾಸಿನ ಟೆಕಾಪೊಗೆ ಹೊರಡಬಾರದು. ಆ ರಾತ್ರಿ ಊರಲ್ಲೇ ಮಲಗಿ, ಮರುದಿನ ಗಾಡಿ ತಗೊಳ್ಳಿ. ಒಂದು ದಿನದ ಬಾಡಿಗೆಯೂ ಉಳಿಯಿತು.

ಗಾಡಿ ಸುತ್ತ ವಿಡಿಯೊ ಮಾಡುವುದು ಎಲ್ಲರಿಗೂ ಗೊತ್ತು, ಆದರೆ ಜನ ಬಾಗಿಲಷ್ಟೇ ಹಿಡಿದು ಬಿಡುತ್ತಾರೆ. ಜಗಳ ಬರುವುದು ಬೇರೆ ಜಾಗಗಳಲ್ಲಿ: ನಾಲ್ಕು ಚಕ್ರದ ಅಲಾಯ್ ಅಂಚು, ಮುಂದಿನ ಬಂಪರಿನ ಕೆಳತುಟಿ, ಮುಂಗಾಜಿನ ಸಾಸಿವೆ ಗಾತ್ರದ ಚುಕ್ಕೆ, ಹಿಂಬಾಗಿಲಿನ ತಳದ ಅಂಚು. ಪೆಟ್ಟಿಗೆ ಉಜ್ಜುವುದು ಅಲ್ಲೇ. ಬಗ್ಗಿ ಕೂತು ತೆಗೆಯಿರಿ, ಮಳೆ ಇದ್ದರೆ ಒರೆಸಿ ತೆಗೆಯಿರಿ. ಕಿ.ಮೀ. ಮತ್ತು ಇಂಧನದ ಮುಳ್ಳಿನ ಒಂದು ಫೋಟೊ. ಸ್ಟೆಪ್ನಿ ಇದೆಯೋ ಬರೀ ಪಂಕ್ಚರ್ ಕಿಟ್ಟೋ ನೋಡಿ.

ಮಕ್ಕಳಿಗೆ ಏಳು ವರ್ಷ ತುಂಬುವವರೆಗೆ ಮಾನ್ಯತೆ ಇರುವ ಸೀಟು ಕಡ್ಡಾಯ. ತೊಡೆಯ ಮೇಲೆ ಕೂರಿಸುವಂತಿಲ್ಲ. ಕಟ್ಟದ ಪ್ರತಿ ಮಗುವಿಗೆ 150 ಡಾಲರ್ ದಂಡ, ಅದು ಚಾಲಕನಿಗೇ. ಸೀಟನ್ನು ಬಿಗಿಯುವ ಕೆಲಸ ಎಷ್ಟೋ ಕಡೆ ಸಿಬ್ಬಂದಿ ಮಾಡಿಕೊಡುವುದಿಲ್ಲ. ಬಿಗಿದ ಮೇಲೆ ಬುಡ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಿರಿ.

ಗಾಡಿ ಆಟೋಮ್ಯಾಟಿಕ್. ಮ್ಯಾನುಯಲ್ ರೂಢಿಯವರ ಎಡಗಾಲು ಕ್ಲಚ್ ಹುಡುಕುತ್ತ ಬ್ರೇಕನ್ನೇ ಒತ್ತಿಬಿಡುತ್ತದೆ, ಹಿಂದಿನವರ ತಲೆ ಸೀಟಿಗೆ ಬಡಿಯುತ್ತದೆ. ಎಡಗಾಲನ್ನು ಹಿಂದಕ್ಕೆ ಎಳೆದು ಇಟ್ಟುಕೊಳ್ಳಿ. ಪಾರ್ಕಿಂಗಿನಲ್ಲೇ ಹತ್ತು ನಿಮಿಷ ಸುತ್ತಿದರೆ ಕಾಲು ಕಲಿಯುತ್ತದೆ. ಟೊಯೋಟಾದಲ್ಲಿ ಇಂಡಿಕೇಟರ್ ಬಲಗೈಗೆ, ಯುರೋಪಿನ ಕಂಪನಿಗಳ ಗಾಡಿಯಲ್ಲಿ ಎಡಕ್ಕೆ. ತಿರುಗುವಾಗ ವೈಪರ್ ಆಡಿದರೆ ಗಾಬರಿ ಬೇಡ. ಗೆರೆ ಹತ್ತಿರವಾದರೆ ಸ್ಟೇರಿಂಗ್ ತಾನೇ ಎಳೆಯುವುದು ಕೆಟ್ಟದ್ದರ ಲಕ್ಷಣ ಅಲ್ಲ, ಲೇನ್ ಅಸಿಸ್ಟ್ ಕೆಲಸ. ಸಣ್ಣ ರಸ್ತೆಯಲ್ಲಿ ಅದು ಕಿರಿಕಿರಿಯಾದರೆ ಅದರ ಬಟನ್ ಎಲ್ಲಿದೆ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

ರಸ್ತೆ

ರಾಷ್ಟ್ರೀಯ ಹೆದ್ದಾರಿ ಅಂದ ಕೂಡಲೇ ಪುಣೆ ರಸ್ತೆಯಂಥ ಅಗಲ ನೆನೆಯಬೇಡಿ. ಅಲ್ಲಿನ ಹೆದ್ದಾರಿ ಬಹುಪಾಲು ಒಂದು ಹೋಗಲು, ಒಂದು ಬರಲು ಅಷ್ಟೇ, ನಡುವೆ ಡಿವೈಡರ್ ಇಲ್ಲ. ಊರ ಹೊರಗೆ ಮಿತಿ 100, ಊರೊಳಗೆ 50. ನೂರು ಎಂದು ಬರೆದಿದ್ದರೂ ತಿರುವಿಗೆ ಹಳದಿ ಹಲಗೆಯಲ್ಲಿ 35, 45 ಎಂದು ಬರೆದಿರುತ್ತದೆ, ಅದನ್ನೇ ಪಾಲಿಸಿ. ನಕ್ಷೆಯ ಆ್ಯಪು ಹೇಳಿದ ಸಮಯಕ್ಕೆ ಕಾಲು ಭಾಗ ಸೇರಿಸಿ. ಕ್ವೀನ್ಸ್‌ಟೌನಿನಿಂದ ಮಿಲ್ಫೋರ್ಡ್ ಸೌಂಡ್ 290 ಕಿ.ಮೀ. ಹತ್ತಿರ, ಒಂದೇ ದಿನದಲ್ಲಿ ಹೋಗಿಬಂದರೆ ಎಂಟು ತಾಸು ಸ್ಟೇರಿಂಗ್ ಹಿಂದೆಯೇ. ಟೆ ಅನೌದಲ್ಲಿ ಒಂದು ರಾತ್ರಿ ಇರಿ. ಟ್ಯಾಂಕ್ ತುಂಬಿಸಬೇಕಾದದ್ದೂ ಅಲ್ಲೇ, ಮುಂದಿನ 120 ಕಿ.ಮೀ. ದಾರಿಯಲ್ಲಿ ಬಂಕ್ ಇಲ್ಲ.

ಒಂದೇ ಗಾಡಿಯ ಅಗಲದ ಸೇತುವೆಗಳು ಬರುತ್ತಲೇ ಇರುತ್ತವೆ. ನಮ್ಮಲ್ಲಿ ಹಳೆಯ ಸೇತುವೆಯ ಬಾಯಿಗೆ ಯಾರು ಮೊದಲು ಲೈಟು ಹೊಡೆದರೋ ಅವರದೇ ದಾರಿ. ಅಲ್ಲಿ ಹಲಗೆಯಲ್ಲೇ ತೀರ್ಮಾನ ಇರುತ್ತದೆ. ನೀಲಿ ಚೌಕದಲ್ಲಿ ದೊಡ್ಡ ಬಿಳಿ ಬಾಣ ಮೇಲಕ್ಕಿದ್ದರೆ ಹಕ್ಕು ನಿಮ್ಮದು. ಕೆಂಪು ಅಂಚಿನ ದುಂಡು ಹಲಗೆಯಲ್ಲಿ ಸಣ್ಣ ಕೆಂಪು ಬಾಣ ಮೇಲಕ್ಕಿದ್ದರೆ ನಿಂತು ಎದುರಿನವರನ್ನು ಬಿಡಬೇಕು. ಹಕ್ಕು ನಿಮ್ಮದೇ ಇದ್ದರೂ ಎದುರಿನ ಗಾಡಿ ಸೇತುವೆಗೆ ಹತ್ತಿಬಿಟ್ಟಿದ್ದರೆ ಕಾಯಿರಿ. ಲೈಟು ಮಿನುಗಿಸುವುದರ ಅರ್ಥವೂ ಅಲ್ಲಿ ತಿರುವುಮುರುವು. ಸಾಮಾನ್ಯವಾಗಿ ‘ನೀವು ಬನ್ನಿ’ ಅಂತ. ವೃತ್ತದಲ್ಲಿ ಬಲದಿಂದ ಬರುವವರಿಗೆ ದಾರಿ. ಚನ್ನಮ್ಮ ವೃತ್ತದಲ್ಲಿ ಮೂತಿ ತೂರಿಸುವ ಕಲೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವರಿಗೆ ಅಲ್ಲಿನ ಕ್ಯಾಂಪರ್‌ವ್ಯಾನ್ ಸಾಲು ಹೊಸದಲ್ಲ. ವ್ಯತ್ಯಾಸ ಒಂದೇ: ನಿಮ್ಮ ಬದಿಗೆ ಮುರಿಯದ ಹಳದಿ ಗೆರೆ ಇದ್ದರೆ ಹಿಂದೆ ಹಾಕುವಂತಿಲ್ಲ, ಎದುರು ಮೈಲಿಗಟ್ಟಲೆ ಖಾಲಿ ಕಂಡರೂ. ಕೆಲವೇ ಕಿ.ಮೀ.ಗೆ ಪಾಸಿಂಗ್ ಲೇನ್ ಬರುತ್ತದೆ. ನಿಮ್ಮದೇ ಗಾಡಿ ಸಾವಕಾಶ ಹೋಗುತ್ತಿದ್ದು ಹಿಂದೆ ನಾಲ್ಕು ಗಾಡಿ ಸೇರಿದ್ದರೆ ಪಕ್ಕದ ಜಾಗದಲ್ಲಿ ನಿಂತು ಬಿಡಿ. ಸರೋವರ ಕಂಡ ಕೂಡಲೇ ರಸ್ತೆಯ ಮೇಲೇ ಬ್ರೇಕ್ ಹೊಡೆಯುವುದು ಅಲ್ಲಿನ ಜನರಿಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ಸಂಗತಿ, ಸಿಟ್ಟು ನ್ಯಾಯವೂ ಹೌದು.

ನಮ್ಮ ಬೇಸಿಗೆ ರಜೆಯ ಏಪ್ರಿಲ್–ಮೇ ಅಲ್ಲಿ ಶರತ್ಕಾಲ ಮುಗಿದು ಚಳಿ ಕಾಲಿಡುವ ಹೊತ್ತು. ಬಾಡಿಗೆ ಡಿಸೆಂಬರ್–ಜನವರಿಗಿಂತ ಬಹಳ ಕಡಿಮೆ, ಆದರೆ ಸಂಜೆ ಐದೂವರೆ–ಆರಕ್ಕೆ ಕತ್ತಲೆ. ಬೆಳಗ್ಗೆ ಬೆಟ್ಟದ ನೆರಳಿನ ತಿರುವುಗಳಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತದೆ. ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ. ಹತ್ತು ಗಂಟೆಯ ನಂತರ ಹೊರಡಿ. ವಾನಾಕಾದಿಂದ ಕ್ವೀನ್ಸ್‌ಟೌನಿಗೆ ಕ್ರೌನ್ ರೇಂಜ್ ದಾರಿ ಹತ್ತಿರದ್ದು, ಆದರೆ 1,076 ಮೀಟರ್ ಎತ್ತರಕ್ಕೆ ಹತ್ತಿ ಇಳಿಯುತ್ತದೆ. ಚೋರ್ಲಾ ಘಾಟ್ ಓಡಿಸಿದ ಕೈಗೆ ತಿರುವು ಕಷ್ಟವಲ್ಲ, ಮಂಜುಗಡ್ಡೆ ಹೊಸದು. ಅನುಮಾನ ಇದ್ದ ದಿನ ಕ್ರಾಮ್ವೆಲ್ ಮೇಲೆ ಹಾಯ್ದು ಹೋಗಿ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಿಲ್ಫೋರ್ಡ್ ರಸ್ತೆಗೆ ಹಲಗೆ ಹೇಳಿದಾಗ ಚಕ್ರದ ಚೈನು ಗಾಡಿಯಲ್ಲಿ ಇರಲೇಬೇಕು. ಕಾರ್ನಿವಲ್ ಮುಂಚಕ್ರ ಎಳೆಯುವ ಗಾಡಿ, ಚೈನು ಮುಂದಿನ ಚಕ್ರಕ್ಕೇ. ಹಾಕಿದ ಮೇಲೆ 40 ದಾಟಬೇಡಿ.

ಅದೇ ರಸ್ತೆಯಲ್ಲಿ 1.2 ಕಿ.ಮೀ. ಉದ್ದದ ಹೋಮರ್ ಸುರಂಗದ ಬಾಯಿಗೆ ಸಿಗ್ನಲ್ಲಿಗೆ ಕಾಯುವಾಗ ಕೀಯಾ (kea) ಎಂಬ ಬೆಟ್ಟದ ಗಿಳಿಗಳು ಬರುತ್ತವೆ. ನೋಡಲು ಮುದ್ದು, ಕೆಲಸ ಕಳ್ಳನದು. ಛಾವಣಿಯ ಮೇಲೆ ಕೂತು ಮುಂಗಾಜಿನ ಸುತ್ತಲಿನ ರಬ್ಬರು, ವೈಪರಿನ ಪಟ್ಟಿ, ಏರಿಯಲ್ ಕಿತ್ತು ಎಳೆಯುತ್ತವೆ. ತಿಂಡಿ ಹಾಕಬೇಡಿ, ಗಾಜು ಏರಿಸಿಕೊಳ್ಳಿ. ರಬ್ಬರು ಹೋದರೆ ಬಿಲ್ಲು ಗಿಳಿಗೆ ಹೋಗುವುದಿಲ್ಲ.

ಬುತ್ತಿಯ ಮಾತು ಒಂದಿಷ್ಟು. ವಿಮಾನ ಇಳಿದ ಕೂಡಲೇ ತಿನ್ನುವ ಪದಾರ್ಥ ಎಲ್ಲವನ್ನೂ ಘೋಷಿಸಬೇಕು. ಹೇಳದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್. ಬೆಳಗಾವಿ ಕುಂದಾ ಹಾಲಿನದು, ಬಿಟ್ಟು ಹೋಗಿ. ತುಪ್ಪ, ಜೇನೂ ಬೇಡ. ಸೀಲ್ ಮಾಡಿದ ಶೇಂಗಾ ಚಟ್ನಿ, ಕರದಂಟು ಒಯ್ದರೆ ಫಾರಂನಲ್ಲಿ ಬರೆದು ಅಧಿಕಾರಿಗೆ ತೋರಿಸಿ. ಅವರು ಬಿಟ್ಟರೆ ಬುತ್ತಿ, ತೆಗೆದುಕೊಂಡರೆ ದಂಡ ಅಂತೂ ಇಲ್ಲ.

ವಾಪಸು ಕೊಡುವ ದಿನ ನಿಲ್ದಾಣದ ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಬಾಡಿಗೆ 24 ತಾಸಿನ ಲೆಕ್ಕ, ಬೆಳಗ್ಗೆ ಹತ್ತಕ್ಕೆ ತಗೊಂಡದ್ದನ್ನು ಮಧ್ಯಾಹ್ನ ಕೊಟ್ಟರೆ ಇನ್ನೊಂದು ದಿನ ಹತ್ತಬಹುದು. ಕಚೇರಿ ತೆರೆದಿರುವ ಹೊತ್ತಿಗೇ ಕೊಟ್ಟು, ಸಿಬ್ಬಂದಿ ಎದುರೇ ಸುತ್ತು ಹಾಕಿ ‘ಹಾನಿ ಇಲ್ಲ’ ಎಂದು ಬರೆಸಿಕೊಳ್ಳಿ. ನಸುಕಿನ ವಿಮಾನಕ್ಕೆ ಕೀಲಿಯನ್ನು ಡಬ್ಬಿಗೆ ಹಾಕಿ ಹೋದರೆ ಅವರು ಬಂದು ನೋಡುವವರೆಗಿನ ಜವಾಬ್ದಾರಿ ನಿಮ್ಮದೇ. ಅಂಥಲ್ಲಿ ಗಾಡಿ ನಿಲ್ಲಿಸಿದ ಜಾಗ ಕಾಣುವಂತೆ ಮತ್ತೆ ಪೂರ್ತಿ ವಿಡಿಯೊ ಮಾಡಿ. ಕ್ಯಾಮೆರಾಕ್ಕೆ ಸಿಕ್ಕ ವೇಗದ ದಂಡ ಮೊದಲು ಕಂಪನಿಗೆ, ಅಲ್ಲಿಂದ ತಮ್ಮ ಶುಲ್ಕ ಸೇರಿಸಿಕೊಂಡು ನಿಮ್ಮ ಕಾರ್ಡಿಗೆ ಬರುತ್ತದೆ, ಎಷ್ಟೋ ಸಲ ಊರು ಮುಟ್ಟಿ ವಾರಗಳಾದ ಮೇಲೆ. ಠೇವಣಿ ಬಿಟ್ಟ ಮೆಸೇಜು ಬಂದು, ಮುಂದಿನ ಎರಡು ತಿಂಗಳ ಕಾರ್ಡ್ ಬಿಲ್ಲು ನೋಡುವವರೆಗೆ ಆ ವಿಡಿಯೊ, ರಸೀದಿ ಯಾವುದನ್ನೂ ಅಳಿಸಬೇಡಿ.